ದೂರು: ಬಳಸುವ ಮುನ್ನ ಓದಿ

ಮಿಕ್ಸಿ ಕೊಂಡರೆ ಡಬ್ಬಿಯೊಳಗೊಂದು ಪುಸ್ತಕ ಬರುತ್ತದೆ. ಆಪರೇಷನ್ ಮಾಡಿಸಿಕೊಂಡರೆ ಬರುವುದಿಲ್ಲ. ಆ ಕೊರತೆ ನೀಗಿಸಲು ಈ ಕೈಪಿಡಿ. ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ನಡೆಯುತ್ತದೆ, ವಾರಂಟಿ ಇಲ್ಲ.

ಮೊದಲು ಮನೆಯ ಹಳೇ ಲೆಕ್ಕದ ಪುಸ್ತಕ ಮುಚ್ಚಿಡಿ. ಅದರಲ್ಲಿರುವುದು ಎರಡೇ ಕಲಂ: ವಾಸಿಯಾದರೆ ಡಾಕ್ಟರ ಕೈಗುಣ, ಆಗದಿದ್ದರೆ ನಮ್ಮ ಹಣೆಬರಹ. ದೂರಿನ ಅರ್ಜಿಯಲ್ಲಿ ಇವೆರಡಕ್ಕೂ ಜಾಗವಿಲ್ಲ. ರೋಗಿ ಉಳಿಯಲಿಲ್ಲ ಎಂದಷ್ಟೇ ಹೇಳಿದರೆ ನಿರ್ಲಕ್ಷ್ಯವಾಗುವುದಿಲ್ಲ. ಅದೇ ಕಸುಬಿನ ಸಾಧಾರಣ ವೈದ್ಯರು ವಹಿಸುವಷ್ಟು ಎಚ್ಚರವನ್ನೂ ಇವರು ವಹಿಸಲಿಲ್ಲ ಎಂದು ತೋರಿಸಬೇಕು. ತೋರಿಸಬೇಕಾದವರು ನೀವು. ಆ ಹೊತ್ತಿನಲ್ಲಿ ಒಳಗಿದ್ದವರು ಅವರು; ನೀವು ಹೊರಗೆ ಸ್ಟೀಲು ಕುರ್ಚಿಯ ಮೇಲೆ ಎಳನೀರು ಹಿಡಿದು ಕೂತಿದ್ದಿರಿ.

ಬೇಕಾಗುವ ಸಾಮಾನು: ಕಾಗದ. ಎರಡು ಪುಟದ ಡಿಸ್ಚಾರ್ಜ್ ಸಮ್ಮರಿ ಕೊಟ್ಟು 'ಎಲ್ಲಾ ಇದರಲ್ಲೇ ಇದೆ' ಅನ್ನುತ್ತಾರೆ. ಇರುವುದಿಲ್ಲ. ಕೇಸ್ ಶೀಟು, ನರ್ಸುಗಳು ಬರೆದ ಚಾರ್ಟು, ಅರಿವಳಿಕೆಯ ಟಿಪ್ಪಣಿ ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ, ನಿಮ್ಮ ಪ್ರತಿಯ ಮೇಲೆ ಸೀಲು ಒತ್ತಿಸಿಕೊಳ್ಳಿ. 2002ರ ವೈದ್ಯಕೀಯ ನಡತೆ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಆದರೆ ಕೌಂಟರಿನ ಗಡಿಯಾರ ಬೇರೆ. 'ಸಾರ್ ರೌಂಡ್ಸಲ್ಲಿದಾರೆ.' 'ರೆಕಾರ್ಡ್ ರೂಮಿನವರು ಊಟಕ್ಕೆ ಹೋದರು.' 'ನಾಳೆ ಬನ್ನಿ ಅಮ್ಮಾ.' ಈ ಮೂರು ವಾಕ್ಯಗಳನ್ನು ತಾರೀಖು ಸಮೇತ ಬರೆದಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತವೆ.

ಹುಡುಕದೆಯೂ ಸಿಗುವ ಕಾಗದ ಒಂದಿದೆ. ಸ್ಟ್ರೆಚರ್ ಪಕ್ಕದಲ್ಲಿ ನಿಂತು, ಓದದೆ, ನೀವೇ ಸಹಿ ಹಾಕಿದ್ದು. ಅದನ್ನು ಕಂಡು ಬೆದರಬೇಡಿ. ಪರೀಕ್ಷೆಗೆಂದು ಒಪ್ಪಿ ಮಲಗಿದ್ದ ಮಹಿಳೆಗೆ ಎಚ್ಚರವಿಲ್ಲದಾಗ, ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಆ ಒಪ್ಪಿಗೆ ಸಲ್ಲದು ಎಂದಿತು.

ಇನ್ನು ಬಾಗಿಲುಗಳು. ಗ್ರಾಹಕ ಆಯೋಗದ್ದು ಸುಪ್ರೀಂ ಕೋರ್ಟಿನ 1995ರ ತೀರ್ಪಿನಿಂದ ತೆರೆದಿದೆ. ಎರಡು ವರ್ಷದೊಳಗೆ ಹೋಗಬೇಕು. ಚಿಕಿತ್ಸೆಗೆ ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎಲ್ಲರನ್ನೂ ಪುಕ್ಕಟೆ ನೋಡುವ ಸರ್ಕಾರಿ ಆಸ್ಪತ್ರೆಯಾಗಿದ್ದರೆ ನೀವು ಗ್ರಾಹಕರಲ್ಲ, ಬರೀ ರೋಗಿ. ಕರ್ನಾಟಕ ವೈದ್ಯಕೀಯ ಪರಿಷತ್ತು ಡಾಕ್ಟರ ಹೆಸರನ್ನು ಪಟ್ಟಿಯಿಂದ ತೆಗೆಯಬಲ್ಲುದು, ನಿಮಗೆ ಪರಿಹಾರ ಕೊಡಿಸದು. ಪೊಲೀಸರು 2005ರ ಜೇಕಬ್ ಮ್ಯಾಥ್ಯೂ ತೀರ್ಪು ನೆನೆದು, ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕು ಅನ್ನುತ್ತಾರೆ. ಗಾಜು ಮಾತ್ರ ಒಡೆಯಬೇಡಿ. 2009ರ ರಾಜ್ಯ ಕಾಯ್ದೆ ಅದಕ್ಕೆಂದೇ ಇದೆ; ಮರುದಿನದಿಂದ ನಿಮ್ಮ ಕಡೆಯವರೇ ಆರೋಪಿ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡು ನೋಡಿಕೊಳ್ಳುವ ಎಳೆಯ ಡಾಕ್ಟರಿಗೆ ಏಟು ಬಿದ್ದರೆ ಯಾರ ತಪ್ಪೂ ರುಜುವಾಗುವುದಿಲ್ಲ.

ಅತಿ ಕಷ್ಟದ ಬಿಡಿಭಾಗ ಆ 'ಇನ್ನೊಬ್ಬ ವೈದ್ಯರು'. ನಿಮ್ಮ ಕಾಗದ ತಿರುವಿ ಹಾಕಿ 'ಛೆ, ಹೀಗಾಗಬಾರದಿತ್ತು' ಎನ್ನುವವರು ಸಿಕ್ಕೇ ಸಿಗುತ್ತಾರೆ. 'ಅಷ್ಟನ್ನೇ ಬರೆದುಕೊಡಿ ಸಾರ್' ಅಂದಾಗ ಕನ್ನಡಕ ತೆಗೆದು ಒರೆಸುತ್ತಾರೆ. ತಪ್ಪು ಕಣ್ಣಿಗೆ ರಾಚುವಂತಿದ್ದರೆ ಇವರಿಲ್ಲದೆಯೂ ನಡೆದೀತು. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬರಿಗೆ ಸಂತಾನಹರಣ ಚಿಕಿತ್ಸೆ ಮಾಡಿದಾಗ ಹೊಟ್ಟೆಯೊಳಗೆ ಟವೆಲ್ ಉಳಿದುಹೋಯಿತು, ಆಕೆ ಬದುಕಲಿಲ್ಲ. ಟವೆಲ್ಲೇ ಸಾಕ್ಷಿ. ಹಾಗಿದ್ದೂ ಸುಪ್ರೀಂ ಕೋರ್ಟಿನ ಕೊನೆಯ ಮಾತು ಬಂದದ್ದು 1996ರಲ್ಲಿ. ಬಾಣಂತಿಯ ಮಗುವಿಗೆ ಅಷ್ಟರಲ್ಲಿ ಮೂವತ್ತೆರಡು ದಾಟಿದ ವಯಸ್ಸು.

ಅರ್ಜಿ ತುಂಬುವಾಗ 'ಕೋರುವ ಪರಿಹಾರ' ಎಂಬಲ್ಲಿ ಪೆನ್ನು ನಿಲ್ಲುತ್ತದೆ. 'ಆ ಮಧ್ಯಾಹ್ನ ಒಳಗೆ ಏನಾಯಿತು ಅಂತ ಯಾರಾದರೂ ಬಂದು ನಮ್ಮಮ್ಮನಿಗೆ ಹೇಳಲಿ' ಎಂದು ಬರೆಯಬೇಕೆನ್ನಿಸುತ್ತದೆ. ವಕೀಲರು ಅದನ್ನು ಹೊಡೆದುಹಾಕುತ್ತಾರೆ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ.