ಛೋಟಾ ಹಾಥಿಯ ದಂತಧಾವನ

ಮಂಡಕ್ಕಿ ಸಾಗಿಸುವವನಿಗೆ ಗಾಡಿಯ ಬಗ್ಗೆ ಒಂದು ಅಸಡ್ಡೆ ತಾನಾಗಿಯೇ ಬರುತ್ತದೆ. ಚೀಲ ನೋಡಿದರೆ ಗುಡ್ಡ, ಎತ್ತಿದರೆ ಗಾಳಿ. ಎಂಜಿನ್ ನರಳುವುದಿಲ್ಲ, ಟೈರು ಸವೆಯುವುದಿಲ್ಲ. 2005ರಲ್ಲಿ ಟಾಟಾದವರು ಏಸ್ ಬಿಟ್ಟಾಗ ದಾವಣಗೆರೆಯ ಭಟ್ಟಿಗಳನ್ನು ನೋಡಿಯೇ ಮಾಡಿದ್ದಾರೆಂದು ನಾವೆಲ್ಲ ನಂಬಿದ್ದೆವು. ನಮ್ಮದೂ ಆ ಕಾಲದ್ದೇ, ತುಸು ಆಚೀಚೆ. ಅದರ ಹೆಡ್‌ಲೈಟು ಹಳದಿಯಾಗಿದೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಡ್ರೈವರ್ ಹುಡುಗನೇ ಒಂದು ದಿನ ಅಂದ: “ಅಣ್ಣಾ, ಲೈಟ್ ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ರಾತ್ರಿ ಹಾರ್ನ್ ಮೇಲೇ ಓಡಿಸ್ತಿದೀನಿ.”

ಹೊಸ ಡೂಮು ತಂದು ಹಾಕಿಸಿದ್ದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತಿತ್ತು. ಈ ಪ್ರಬಂಧವೂ ಇರುತ್ತಿರಲಿಲ್ಲ. ಆದರೆ ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಟೂತ್‌ಪೇಸ್ಟ್ ಹಚ್ಚಿ ಹೆಡ್‌ಲೈಟ್ ಫಳಫಳ ಮಾಡುವುದನ್ನು ನೋಡಿದ್ದೆ. ನೋಡಿದ ಮೇಲೆ ಸುಮ್ಮನಿರುವ ಜಾತಿ ನನ್ನದಲ್ಲ.

ಬೆಳ್ಳಂಬೆಳಗ್ಗೆ, ಬೀದಿಯಲ್ಲಿ ಜನ ಏಳುವ ಮುಂಚೆ ಎಂದುಕೊಂಡೇ ಶುರು ಮಾಡಿದೆ. ದಾವಣಗೆರೆಯಲ್ಲಿ ಜನ ಏಳುವ ಮುಂಚೆ ಎಂಬ ಹೊತ್ತೇ ಇಲ್ಲ. ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಳೆಯ ಬ್ರಶ್ಶಿಗೆ ಧಾರಾಳವಾಗಿ ಪೇಸ್ಟ್ ಹಾಕಿ ಉಜ್ಜತೊಡಗಿದೆ. ಎದುರುಮನೆಯ ಅಮ್ಮ ರಂಗೋಲಿಯ ಎಳೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಹಾಲಿನವನು ಕ್ಯಾನು ಇಳಿಸಿ ನಿಂತ. ವಾಕಿಂಗ್ ಹೊರಟಿದ್ದ ನಿವೃತ್ತ ಮೇಷ್ಟ್ರು ಹತ್ತಿರ ಬಂದು ಬಗ್ಗಿ, “ಜೆಲ್ಲಾ, ಬಿಳೀದಾ?” ಎಂದರು. ಬಿಳಿ ಎಂದೆ. “ಅದೇ ಸರಿ, ಜೆಲ್ಲಿನಾಗೆ ಸುಣ್ಣದ ಪುಡಿ ಇರಲ್ಲ” ಎಂದು ಅಪ್ಪಣೆ ಕೊಟ್ಟು, ಹೋಗಲಿಲ್ಲ. ಅಲ್ಲೇ ನಿಂತರು. ನೊರೆ ಬಂಪರಿನ ಮೇಲೆ ಇಳಿಯಿತು. ಅದನ್ನು ಮೂಸಲು ಬಂದ ನಾಯಿ ಒಮ್ಮೆ ನೆಕ್ಕಿ, ನನ್ನ ಮುಖವನ್ನೇ ನೋಡುತ್ತಾ ಹಿಂದೆ ಸರಿಯಿತು. ಮೇಲಿಂದ ಕೆಳಕ್ಕೆ ಉಜ್ಜಬೇಕೋ ಅಡ್ಡಡ್ಡ ಉಜ್ಜಬೇಕೋ ಎಂದು ಹಾಲಿನವನಿಗೂ ಮೇಷ್ಟ್ರಿಗೂ ಭಿನ್ನಾಭಿಪ್ರಾಯ ಬಂತು. ಸುತ್ತು ಸುತ್ತು ಉಜ್ಜಿ ಇಬ್ಬರಿಗೂ ನೋವಾಗದಂತೆ ನೋಡಿಕೊಂಡೆ. ಸ್ಕೂಲ್ ಬ್ಯಾಗ್ ಹೊತ್ತ ಪೋರನೊಬ್ಬ ಬಹಳ ಹೊತ್ತು ಗಂಭೀರವಾಗಿ ನೋಡಿ ಕೇಳಿದ: “ಅಂಕಲ್, ನಾಲಿಗೆ ಕೆರೆಯಲ್ವಾ?”

ಅಷ್ಟರಲ್ಲಿ ಮನೆಯೊಳಗಿಂದ ಪೇಸ್ಟ್ ಹುಡುಕುತ್ತಾ ಬಂದ ಹೆಂಡತಿ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದಳು: “ಬಾಯಿ ಮುಕ್ಕಳಿಸೋಕೆ ಒಂದು ಚೊಂಬು ನೀರು ತರಲೇನ್ರೀ?”

ತಂದಳು. ಸುರಿದೆ. ಸಾಕ್ಷಾತ್ ಗಾಜು! ಮೇಷ್ಟ್ರು ಚಪ್ಪಾಳೆ ತಟ್ಟಿದರು. ಇವತ್ತಿಗೂ ಆ ಬೆಳಗ್ಗೆ ನೆನೆದರೆ ನಾಚಿಕೆಯಾಗುತ್ತದೆ, ಮತ್ತು ಇನ್ನೊಮ್ಮೆ ಮಾಡೋಣ ಅನ್ನಿಸುತ್ತದೆ.

ಮಳೆಗಾಲ ಮುಗಿಯುವುದರೊಳಗೆ ಹಳದಿ ವಾಪಸ್ಸು ಬಂತು, ಬರುವಾಗ ಒಳಗೆ ನೀರನ್ನೂ ಕರೆತಂದಿತು. ಗಾಡಿಯನ್ನು ಹರಿಹರದ ಭಾವನ ಮನೆಗೆ ಒಯ್ದೆ. ಭಾವ ಯಂತ್ರಾಪುರದ ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ, ಊರೂರಿಗೆ ಲೇತ್ ಕಳಿಸಿದ ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದರೂ ಭಾವನ ಮಟ್ಟಿಗೆ ಶಿಫ್ಟ್ ಮುಗಿದಿಲ್ಲ. ಅಕ್ಕ ಹೆಚ್ಚಿದ ಸೌತೆಕಾಯಿ ಬಿಲ್ಲೆಯಲ್ಲೂ ದಪ್ಪ ತೆಳು ನೋಡುವ ಮನುಷ್ಯ.

“ಟೂತ್‌ಪೇಸ್ಟಾ?” ಎಂದರು. ಇನ್ನೊಂದು ಮಾತಾಡಲಿಲ್ಲ, ಆದರೆ ಹೇಳಿದ ರೀತಿಗೆ ನನ್ನ ವಂಶವೇ ತಲೆ ತಗ್ಗಿಸಿತು. ಆಮೇಲೆ ಪಾಠ. ಇದು ಗಾಜಲ್ಲ, ಪಾಲಿಕಾರ್ಬೊನೇಟ್. ಕಲ್ಲು ಬಿದ್ದರೆ ಒಡೆಯಲ್ಲ, ಹಗುರ, ಬೇಕಾದ ಆಕಾರಕ್ಕೆ ಬಗ್ಗುತ್ತೆ. ಆದರೆ ಬಿಸಿಲಿನ ಅತಿನೇರಳೆ ಕಿರಣ ಅದಕ್ಕೆ ಆಗಿಬರಲ್ಲ. ಅದಕ್ಕೇ ಕಂಪನಿಯವರು ಮೇಲೊಂದು ಗಟ್ಟಿ ಲೇಪ ಕೊಟ್ಟಿರುತ್ತಾರೆ. ಅದು ಸವೆದ ಮೇಲೆ ಹಳದಿ. ಪೇಸ್ಟ್ ಆ ಹಳದಿಯನ್ನು ಕೆರೆಯುತ್ತೆ, ಜೊತೆಗೆ ಅಳಿದುಳಿದ ಲೇಪವನ್ನೂ ಕೆರೆಯುತ್ತೆ.

ಡೂಮು ಬಿಚ್ಚಿ ಅಲ್ಲಾಡಿಸಿದರು. ಒಳಗೆ ಗುಳುಗುಳು. ಹಿಂದಿನ ರಬ್ಬರ್ ಬೂಟು ಹರಿದು, ಅದರ ಜಾಗದಲ್ಲಿ ಒಂದು ಕ್ಯಾರಿಬ್ಯಾಗು ಸುತಲಿ ಕಟ್ಟಿಸಿಕೊಂಡು ಕೂತಿತ್ತು. ಕೆಳಗಿನ ಉಸಿರುತೂತಿಗೆ ಎಂ-ಸೀಲ್ ಮೆತ್ತಿತ್ತು. “ಬಲ್ಬ್ ಉರಿದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗ್ಬೇಕು, ಆರಿದಾಗ ಒಳಗೆ ಬರ್ಬೇಕು. ಮೂಗು ಮುಚ್ಚಿಬಿಟ್ರೆ ಒಳಗಿನ ತೇವ ಹೊರಗೆ ಬರೋದು ಎಲ್ಲಿಂದಪ್ಪಾ? ಯಾರು ಈ ಬುದ್ಧಿವಂತ?” ನಾನು ತುಂಗಭದ್ರೆಯ ಕಡೆ ನೋಡಿದೆ.

ಎಂಟುನೂರರ ವಾಟರ್ ಪೇಪರ್ ಹಿಡಿದು ಬಲಗಡೆಯದನ್ನು ಮೊದಲು ತೊಗೊಂಡರು. ನೀರು ಬಿಡೋದು ನಾನು, ತಿಕ್ಕೋದು ಅವರು. ಹಳದಿ ಕೆಸರು ಹರಿಯಿತು. ಒರೆಸಿ ನೋಡಿದರೆ ಡೂಮು ಹಾಲಿನ ಬಿಳಿ, ಏನೇನೂ ಕಾಣುವುದಿಲ್ಲ. ನನಗೆ ಎದೆ ಧಸಕ್ಕೆಂದಿತು. ಭಾವ ತಲೆ ಎತ್ತಲಿಲ್ಲ. ಸಾವಿರ, ಸಾವಿರದೈನೂರು, ಎರಡು ಸಾವಿರ. ಗೀರು ಸಣ್ಣದಾಗುತ್ತಾ ಹೋಗಿ, ಕಾಂಪೌಂಡ್ ಹಚ್ಚಿ ಉಜ್ಜಿದ ಮೇಲೆ ಪಾಲಿಶ್ ಬಟ್ಟೆಯಡಿಯಿಂದ ಒಳಗಿನ ರಿಫ್ಲೆಕ್ಟರ್ ಮೆಲ್ಲಗೆ ಹೊರಬಂತು. ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆದು ಒಣಗಿಸುವಷ್ಟರಲ್ಲಿ ಸಂಜೆ. ಎಡಗಡೆಯದು ಮುಂದಿನ ವಾರಕ್ಕೆ ಉಳಿಯಿತು.

ಹಾಗಾಗಿ ಅಂದು ಹರಿಹರದಿಂದ ಹೊರಟ ನಮ್ಮ ಗಾಡಿ ಥೇಟ್ ಹರಿಹರೇಶ್ವರನೇ: ಬಲಕ್ಕೆ ವಿಭೂತಿ ಬಳಿದ ಹರ, ಎಡಕ್ಕೆ ಪೀತಾಂಬರದ ಹರಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಗುಡಿ ಕಟ್ಟಿಸಿದಾಗ ಇಂಥ ಉತ್ಸವಮೂರ್ತಿಯನ್ನು ಊಹಿಸಿರಲಾರ. ಭಕ್ತಿ ಬಾತಿ ದಾಟುವವರೆಗೆ ಚೆನ್ನಾಗಿಯೇ ಇತ್ತು. ಎದುರಿಗೆ ಬಂದ ಹೊಸ ಕಾರುಗಳವರು ಬೆಳ್ಳನೆಯ ಎಲ್‌ಇಡಿಯನ್ನು ಕಣ್ಣಿಗೇ ಬಿಟ್ಟುಕೊಂಡು ಬಂದರು. ಡಿಮ್ ಎಂಬ ಸ್ವಿಚ್ಚು ಇವರ ಗಾಡಿಗಳಲ್ಲಿ ಇರುವುದಿಲ್ಲವೋ, ಬೆರಳಿಗೆ ಭಾರವೋ. ತಮಗೆ ಕಂಡರಾಯಿತು, ಎದುರಿನವನು ಹಳ್ಳಕ್ಕೆ ಹೋಗಲಿ.

ಡಿಮ್ ಬೆಳಕು ಎಡಕ್ಕೆ ತುಸು ಮೇಲೆದ್ದು ರಸ್ತೆಯ ಅಂಚು ತೋರಿಸಬೇಕು, ಲೆಕ್ಕ ಅದು. ನಮ್ಮ ಎಡಗಡೆ ಪೀತಾಂಬರ. ಅದು ಸುಗ್ಗಿಯ ಕಾಲ. ರಸ್ತೆಯಂಚಿನ ಉದ್ದಕ್ಕೂ ಮೆಕ್ಕೆಜೋಳ ಹರವಿ, ಗಾಡಿ ಹತ್ತದಿರಲೆಂದು ಬದಿಗೆ ದಪ್ಪ ಕಲ್ಲಿಟ್ಟಿದ್ದರು. ಹುಡುಗ ಸ್ಟೇರಿಂಗ್ ಎಳೆದ ಮೇಲೆಯೇ ಆ ಕಲ್ಲು ನನಗೆ ಕಂಡಿದ್ದು. ಕಲ್ಲಿನಾಚೆ, ರಾಶಿಯ ಪಕ್ಕದಲ್ಲೇ, ಕಂಬಳಿ ಹೊದ್ದು ಒಬ್ಬ ಮಲಗಿದ್ದ. ಒಣಗಿಸಲು ಕಣವಿಲ್ಲದವನು, ಕಾಯಲು ಬೇರೆ ಯಾರಿಲ್ಲದವನು. ದಾವಣಗೆರೆ ಬರುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಮುಂದಿನ ವಾರಕ್ಕೆ ಕಾಯದೆ ಮರುದಿನವೇ ಭಾವನನ್ನು ಬಸ್ಸಿಗೆ ಕರೆಸಿಕೊಂಡು ಎಡಗಡೆಯದನ್ನೂ ಮುಗಿಸಿದೆವು. ಎಫ್‌ಸಿ ಹತ್ತಿರ ಬಂದಿತ್ತು. ಏಜೆಂಟ್ ಮನೆಗೇ ಬಂದು ಗಾಡಿ ಸುತ್ತಿ, ಎರಡು ಲೈಟಿನಲ್ಲೂ ತನ್ನ ಮುಖ ನೋಡಿಕೊಂಡು ಕ್ರಾಪು ಸರಿಮಾಡಿಕೊಂಡ. ಭಾವನ ಎದೆ ಉಬ್ಬಿತು.

“ಎಲ್ಲಾ ಸೂಪರ್ ಸರ. ಮಧ್ಯಕ್ಕೊಂದೊಂದು ಕಪ್ಪು ಸ್ಟಿಕ್ಕರ್ ಅಂಟಿಸಿಬಿಡಿ, ಕಣ್ಣಿಗೆ ಹೊಡಿಯೋ ಹಂಗೈತೆ.”

ಭಾವ ಬಹಳ ಹೊತ್ತು ಸುಮ್ಮನಿದ್ದರು. “ವ್ಯಾಸ ಎಷ್ಟಿರಬೇಕು?”

“ರೂಪಾಯಿ ಅಗಲ ಇದ್ರೆ ಸಾಕು ಸರ.”

“ಯಾವ ಕಾಲದ ರೂಪಾಯಿ?” ಎನ್ನುತ್ತಾ ಭಾವ ಚೀಲದಿಂದ ವರ್ನಿಯರ್ ತೆಗೆದರು.