ಟು-ಲೆಟ್ ಬೋರ್ಡಿನ ಮೋಡ

ಕ್ಲೌಡ್ ಎಂದರೇನು ಎಂದು ಕೇಳಿದವರಿಗೆ ಬಲ್ಲವರು ಆಕಾಶ ತೋರಿಸುತ್ತಾರೆ. ತೋರಿಸಬೇಕಾದದ್ದು ನೆಲವನ್ನು. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಕಾಂಪೌಂಡು, ಕಾವಲುಗಾರ, ಡೀಸೆಲ್ ಜನರೇಟರುಗಳ ಮಧ್ಯೆ ಸಾಲುಸಾಲು ಕಂಪ್ಯೂಟರುಗಳು ಮೈ ಬಿಸಿಮಾಡಿಕೊಂಡು ಗುಂಯ್‌ಗುಡುತ್ತಿರುತ್ತವೆ. ಅವನ್ನು ಬಳಸಲು ನಾವು ಇಲ್ಲಿಂದಲೇ ಬಾಡಿಗೆ ಕಟ್ಟುತ್ತೇವೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದವರಿಗೆ ಇದರಲ್ಲಿ ಹೊಸದಾಗಿ ಕಲಿಯುವುದೇನಿಲ್ಲ. ವ್ಯತ್ಯಾಸವೆಂದರೆ, 2006ರಲ್ಲಿ ಅಮೆಜಾನ್ ಈ ವಹಿವಾಟು ತೆರೆದಾಗ ಅಡ್ವಾನ್ಸನ್ನೇ ಕೇಳಲಿಲ್ಲ. ಆಗ ಗಂಟೆಗೆ 10 ಸೆಂಟ್ ಕೊಟ್ಟರೆ ಒಂದು ಕಂಪ್ಯೂಟರು ನಿಮ್ಮದಾಗುತ್ತಿತ್ತು, ಬೇಡವಾದ ಗಂಟೆ ಬಿಟ್ಟು ಹೊರಡಬಹುದಿತ್ತು. ಅಂಥ ಓನರ್ ಈ ಊರಿಗೆ ಇನ್ನೂ ಬಂದಿಲ್ಲ.

‘ಬಾಡಿಗೆಗೆ ಸುರಿಯೋ ದುಡ್ಡಲ್ಲಿ ಇಎಂಐ ಕಟ್ಟಬಹುದಿತ್ತಲ್ಲ’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ, ಆದರೆ ಎಲ್ಲರಿಗೂ ಅನ್ವಯಿಸುವಂತೆಯೂ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನು ನೋಡಿ. ಸುಮಾರು 8 ಲಕ್ಷ ಮಕ್ಕಳು, ಅವರ ಅಪ್ಪ-ಅಮ್ಮ, ಸೋದರಮಾವ, ಮಕ್ಕಳಿಗಿಂತ ಹೆಚ್ಚು ಆತಂಕದಲ್ಲಿರುವ ಪಕ್ಕದ ಮನೆಯವರು, ಎಲ್ಲರೂ ಒಂದೇ ಗಳಿಗೆಯಲ್ಲಿ ಫಲಿತಾಂಶದ ಜಾಲತಾಣವೆಂಬ ಒಂದೇ ಬಾಗಿಲು ತಟ್ಟುತ್ತಾರೆ. ಮರುವಾರ ಅತ್ತ ಯಾರೂ ಸುಳಿಯುವುದಿಲ್ಲ. ಆ ಒಂದು ದಿನದ ನೂಕುನುಗ್ಗಲಿಗಾಗಿ ಕಂಪ್ಯೂಟರು ಕೊಂಡಿಡುವುದೆಂದರೆ ಮಗಳ ಮದುವೆಗೆಂದು ಛತ್ರವನ್ನೇ ಕ್ರಯಕ್ಕೆ ಪಡೆದ ಹಾಗೆ. ಬೇಡಿಕೆ ಹೀಗೆ ಏರಿಳಿಯುವವರಿಗೆ ಬಾಡಿಗೆಯೇ ಅಗ್ಗ.

ಹಿರಿಯರ ಮಾತು ನಿಜವಾಗುವುದು ಬೇಡಿಕೆ ವರ್ಷವಿಡೀ ಇಳಿಯದೆ ಇದ್ದಾಗ. ಜನರ ಕಡತ ಕಾಯುವ ಡ್ರಾಪ್‌ಬಾಕ್ಸ್ ಕಂಪನಿ ಮೊದಲು ಅಮೆಜಾನಿನ ಬಾಡಿಗೆದಾರನೇ ಆಗಿತ್ತು. ಸಾಮಾನು ಬೆಳೆಯುತ್ತಲೇ ಹೋಗುತ್ತದೆ, ಕರಗುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ ಸ್ವಂತ ಯಂತ್ರಗಳಿಗೆ ಒಕ್ಕಲೆದ್ದು ಹೋಯಿತು. ಎರಡು ವರ್ಷದಲ್ಲಿ ಉಳಿಸಿದ್ದು ಹತ್ತಿರ ಹತ್ತಿರ 7.5 ಕೋಟಿ ಡಾಲರ್.

‘ಅಷ್ಟು ದೊಡ್ಡ ಕಂಪನಿ, ನಮ್ಮ ಫೈಲು ಭದ್ರ’ ಎನ್ನುವವರಿಗೆ ಮಾತ್ರ ಸ್ವಲ್ಪ ನಿಧಾನ ಎನ್ನಬೇಕು. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟು ಹೋಯಿತು; ಬೇರೆಡೆ ಪ್ರತಿ ಇಡದವರ ಮಾಹಿತಿಯೂ ಜೊತೆಗೇ ಹೋಯಿತು. 2024ರಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಒಂದು ಖಾಸಗಿ ಕ್ಲೌಡನ್ನೇ ಗೂಗಲ್ ಕ್ಲೌಡ್ ಕಣ್ತಪ್ಪಿನಿಂದ ಅಳಿಸಿತು. ಬದುಕಿಸಿದ್ದು ಬೇರೆಯಾಗಿ ಇಟ್ಟಿದ್ದ ಪ್ರತಿಗಳು. ಹಾಗೆಂದು ಸ್ವಂತ ಮನೆಗೆ ಬೆಂಕಿ ಬೀಳುವುದಿಲ್ಲವೇ? ಬೀಳುತ್ತದೆ. ಆದರೆ ಬಾಡಿಗೆ ಚೀಟಿಯನ್ನೇ ವಿಮಾ ಪಾಲಿಸಿ ಎಂದು ನಂಬಿ ಮಲಗುವ ಸುಖ ಅಲ್ಲಿರುವುದಿಲ್ಲ.

ಕ್ಲೌಡಿಗೆ ಸೇರುವಾಗ ದರ ಕೇಳುವ ನಾವು ಬಿಡುವ ದರ ಕೇಳುವುದಿಲ್ಲ. ಸಾಮಾನು ಒಳಗೆ ತರಲು ಸಾಮಾನ್ಯವಾಗಿ ಪುಕ್ಕಟೆ. ಹೊರಗೆ ಸಾಗಿಸಲು ಜಿಬಿಗಿಷ್ಟು ಎಂದು ಲೆಕ್ಕ. ಖಾಲಿ ಮಾಡುವಾಗ ಪೇಂಟಿಂಗ್ ಚಾರ್ಜು ಹಿಡಿಯುವ ಬುದ್ಧಿ ಬೆಂಗಳೂರಿನ ಸ್ವತ್ತೇನಲ್ಲ. 2024ರಲ್ಲಿ ಗೂಗಲ್, ಆಮೇಲೆ ಅಮೆಜಾನ್, ಪೂರ್ತಿ ಬಿಟ್ಟು ಹೋಗುವವರಿಗೆ ಈ ಶುಲ್ಕ ಮಾಫಿ ಎಂದವು. ಮೊದಲೇ ಅರ್ಜಿ ಹಾಕಬೇಕು, 60 ದಿನದೊಳಗೆ ಜಾಗ ಬಿಡಬೇಕು. ಹೊರಡುವ ಗಡಿಬಿಡಿಯಲ್ಲಿ ಮೂಲೆಯಲ್ಲಿನ ಒಂದು ಕಂಪ್ಯೂಟರನ್ನು ಆರಿಸಲು ಮರೆತರೆ, ಅದರ ಮೀಟರು ಓಡುತ್ತಲೇ ಇರುತ್ತದೆ. ಓನರ್ ಬಂದು ನೆನಪಿಸುತ್ತಾನೆಂದು ಕಾಯಬೇಡಿ.