ಲಾಗಿನ್‌ರಹಿತರಿಗೆ ನಕ್ಷಾದರ್ಶನ ವಿಧಿ: ಒಂದು ಸಂಪ್ರಬಂಧ

ನಗರಸಭೆಯ ನೀರು ಸರಬರಾಜು ವಿಭಾಗದ ವೆಬ್ ನಕ್ಷೆಗೆ ಲಾಗಿನ್ ಉಳ್ಳವರು ವಾಲ್ವನ್ನು ಕಂಡಿರುವುದಿಲ್ಲ. ವಾಲ್ವನ್ನು ನಿತ್ಯ ಕಾಣುವವರಿಗೆ ಲಾಗಿನ್ ಇರುವುದಿಲ್ಲ. ಇದು ಪ್ರಸ್ತುತ ಸಂಪ್ರಬಂಧದ ಮೂಲ ಪ್ರಮೇಯ. ಪ್ರಮಾಣವೇನೆಂದು ಕೇಳುವ ವಿದ್ವಾಂಸರು ಬೆಳಗಿನ ಐದೂವರೆಗೆ ಯಾವುದಾದರೂ ಬಡಾವಣೆಯ ತಿರುವಿನಲ್ಲಿ ನಿಲ್ಲತಕ್ಕದ್ದು. ಉದ್ದನೆಯ ಕಬ್ಬಿಣದ ವಾಲ್ವ್ ಕೀ ಹಿಡಿದು, ಚೇಂಬರಿನ ಮುಚ್ಚಳವನ್ನು ಕಾಲಲ್ಲೇ ಸರಿಸುತ್ತಿರುವ ವಾಟರ್‌ಮನ್ ಪ್ರತ್ಯಕ್ಷ ಪ್ರಮಾಣ. ಲಾಗಿನ್ ಉಳ್ಳವರು ಆ ಹೊತ್ತಿನಲ್ಲಿ ಮಲಗಿರುವುದು ಅನುಮಾನ ಪ್ರಮಾಣ.

ಆರ್ಕ್‌ಜಿಐಎಸ್ ಆನ್‌ಲೈನ್ ಮುಂತಾದ ವ್ಯವಸ್ಥೆಗಳಲ್ಲಿ ನಕ್ಷೆಗೆ ಸ್ಥೂಲವಾಗಿ ನಾಲ್ಕು ಅವಸ್ಥೆಗಳುಂಟು. ಮಾಡಿದವನಿಗೆ ಮಾತ್ರ ಕಾಣುವುದು, ಗುಂಪಿಗೆ ಕಾಣುವುದು, ಇಡೀ ಸಂಸ್ಥೆಗೆ ಕಾಣುವುದು, ಸರ್ವರಿಗೂ ಕಾಣುವುದು. ಮೊದಲ ಮೂರರಲ್ಲೂ ಲಾಗಿನ್ ಎಂಬ ಉಪಾಧಿ ಬಿಡದು. ನಾಲ್ಕನೆಯದಾದ ತುರೀಯದಲ್ಲಿ ಅದು ತಾನಾಗಿ ಕಳಚಿಬೀಳುತ್ತದೆ. ತೊಡಕೆಂದರೆ, ತುರೀಯಕ್ಕೆ ನಮ್ಮ ವಾಟರ್‌ಮನ್ ಒಬ್ಬನೇ ಏರುವುದಿಲ್ಲ, ಜಗತ್ತೇ ಜೊತೆಯಲ್ಲಿ ಏರುತ್ತದೆ.

ನಡೆಯುವವನೊಬ್ಬ, ನಕ್ಷೆ ಇಟ್ಟುಕೊಳ್ಳುವವನೊಬ್ಬ ಎಂಬ ಪದ್ಧತಿ ಇಂದಿನದಲ್ಲ. ಹೊರಗಿನವರಿಗೆ ಟಿಬೆಟ್ ಬಾಗಿಲು ಹಾಕಿದ್ದ ಕಾಲದಲ್ಲಿ ಬ್ರಿಟಿಷರ ಸರ್ವೆಯವರು ಪಂಡಿತ ನೈನ್ ಸಿಂಗನನ್ನು ಯಾತ್ರಿಕನ ವೇಷದಲ್ಲಿ ಅಲ್ಲಿಗೆ ಅಟ್ಟಿದರು. ಕೈಯಲ್ಲಿ ಜಪಮಾಲೆ, ಅದರಲ್ಲಿ 108ರ ಬದಲು 100 ಮಣಿ. ನೂರು ಹೆಜ್ಜೆಗೆ ಒಂದು ಮಣಿ. ಲೆಕ್ಕದ ಚೀಟಿಗಳೆಲ್ಲ ಪ್ರಾರ್ಥನಾಚಕ್ರದ ಒಳಗೆ. 1866ರಲ್ಲಿ ಲಾಸಾ ಮುಟ್ಟಿದ ಆತ ಲಾಗಿನ್ ಇಲ್ಲದೆ ಪ್ರವೇಶಿಸಿದವರಲ್ಲಿ ಅಗ್ರಗಣ್ಯನೆಂದು ಈ ಸಂಪ್ರಬಂಧದ ಮತ. ಇನ್ನು 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ಮೇಲಿನ ಕಟ್ಟುಪಾಡುಗಳನ್ನು ಬಹುಮಟ್ಟಿಗೆ ಸಡಿಲಿಸಿತು. ನಮ್ಮ ರಾಜ್ಯದಲ್ಲೇ ದಿಶಾಂಕ್ ಆ್ಯಪ್ ತೆರೆದರೆ ರೈತ ತಾನು ನಿಂತ ನೆಲದ ಸರ್ವೆ ನಂಬರು ನೋಡಬಹುದು. ವಾಟರ್‌ಮನ್ ಮಾತ್ರ ತಾನು ನಿಂತ ಜಾಗದ ಕೆಳಗಿನ ಪೈಪು ನೋಡಲು ಅರ್ಹನಲ್ಲ.

ಈ ಸಂಕಟಕ್ಕೆ ಪರಿಹಾರ ಕಂಡುಕೊಂಡ ಪಂಥಗಳಲ್ಲಿ ಏಕಪಾಸ್‌ವರ್ಡ್ ಸಂಪ್ರದಾಯ ಅತಿ ಪ್ರಾಚೀನವಾದುದು. ಒಂದೇ ಖಾತೆ, ಸರ್ವರ ಬಳಕೆ. ಪಾಸ್‌ವರ್ಡು ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ ಶೋಭಿಸುತ್ತಿರುತ್ತದೆ. ಒಂದು ಖಾತೆ ಒಬ್ಬ ವ್ಯಕ್ತಿಗೆ ಮಾತ್ರ ಎಂಬ ಲೈಸೆನ್ಸಿನ ಷರತ್ತನ್ನು ಇವರು ಅರ್ಥವಾದವೆಂದು ತಳ್ಳಿಹಾಕುತ್ತಾರೆ. ಮುಖ್ಯ ಪೈಪೊಂದು ನಕ್ಷೆಯಿಂದ ಮಾಯವಾದಾಗ ದಾಖಲೆ ತೆಗೆದು ನೋಡಿದರೆ, ಎಂದೋ ನಿವೃತ್ತರಾದ ಎಇಇ ಸಾಹೇಬರು ರಾತ್ರಿ ಹನ್ನೊಂದಕ್ಕೆ ಅದನ್ನು ಅಳಿಸಿರುತ್ತಾರೆ. ಖಾತೆ ಅವರ ಹೆಸರಿನದು. ಓಟಿಪಿ ಹೋಗುವುದೂ ಅವರ ಮೊಬೈಲಿಗೇ. ಹಾಗಾಗಿ ಪೈಪು ಒಡೆದಾಗಲೆಲ್ಲ ಶಿವಮೊಗ್ಗದ ಮಗಳ ಮನೆಯಲ್ಲಿರುವ ಅವರಿಗೆ ಫೋನು ಹೋಗುತ್ತದೆ: “ಸಾರ್, ಊಟ ಆಯ್ತಾ? ಒಂದು ಓಟಿಪಿ ಬಂದಿರತ್ತೆ, ಸ್ವಲ್ಪ ನೋಡಿ ಹೇಳ್ತೀರಾ?”

ಎರಡನೆಯದು ವಾಟ್ಸಾಪ್ ಪಂಥ. ಕಂಪ್ಯೂಟರ್ ಪರದೆಯ ಫೋಟೊ ಹೊಡೆದು ಗುಂಪಿಗೆ ಹಾಕುವುದು ಇದರ ಏಕೈಕ ಕರ್ಮ. ಟ್ಯೂಬ್‌ಲೈಟಿನ ಪ್ರತಿಬಿಂಬ ಬೇಕಾದ ವಾಲ್ವಿನ ಮೇಲೆಯೇ ಬೀಳುವುದು ಈ ಪಂಥದ ಲಕ್ಷಣ. ಫೋಟೊ ಮೂರು ಮಳೆಗಾಲ ಹಳೆಯದಾದರೂ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಭದ್ರತೆಯ ದೃಷ್ಟಿಯಿಂದ ವಾಟರ್‌ಮನ್‌ಗೆ ಲಾಗಿನ್ ಕೊಡಲಾಗದು ಎಂದು ಬರೆದ ಕೈಯೇ ಈ ಗುಂಪಿನ ಅಡ್ಮಿನ್ನಿನದು. ಗುಂಪಿನಲ್ಲಿ ಇಬ್ಬರು ಗುತ್ತಿಗೆದಾರರೂ ಕೌನ್ಸಿಲರ್ ಒಬ್ಬರ ಭಾವಮೈದುನನೂ ಇದ್ದಾರೆ.

ಮೂರನೆಯವರು ಗುಪ್ತಲಿಂಕ್‌ವಾದಿಗಳು. ನಕ್ಷೆಯನ್ನು ಸರ್ವರಿಗೂ ತೆರೆದು, ಯಾರಿಗೂ ಹೇಳಬೇಡಿ ಎನ್ನುವವರು. ಲಿಂಕಿನ ಬಾಲದಲ್ಲಿ 32 ಅಕ್ಷರಗಳ ಗುರುತು ಇರುವಾಗ ಯಾರು ತಾನೇ ಊಹಿಸಿಯಾರು ಎಂಬುದು ಇವರ ಧೈರ್ಯ. ಊಹಿಸುವ ಅಗತ್ಯವಿಲ್ಲ, ಹುಡುಕಿದರೆ ಸಾಕು. ನಕ್ಷೆಯ ಪದರವೂ ತೆರೆದಿದ್ದರೆ ಗ್ರಾಹಕರ ಹೆಸರು, ಮೊಬೈಲ್ ನಂಬರು, ನೀರಿನ ಬಾಕಿ ಎಲ್ಲವೂ ಪಟ್ಟಿಯಾಗಿ ಇಳಿದುಬರುತ್ತವೆ. ಓಟಗಾರರ ಜಾಡುಗಳನ್ನು ಒಟ್ಟುಗೂಡಿಸಿ ಸ್ಟ್ರಾವಾ ಕಂಪನಿ ಪ್ರಕಟಿಸಿದ ನಕ್ಷೆಯಲ್ಲಿ ಅಫ್ಘಾನಿಸ್ತಾನ, ಸಿರಿಯಾಗಳ ಸೇನಾ ನೆಲೆಗಳು ಮಿನುಗುತ್ತಿದ್ದುದು 2018ರ ಜನವರಿಯಲ್ಲಿ ಬಯಲಾಯಿತು. ಅಲ್ಲಿ ಯಾರ ಹೆಸರೂ ಇರಲಿಲ್ಲ. ಇಲ್ಲಿ ಬಾಕಿಯ ಸಮೇತ ಹೆಸರಿದೆ.

ಹೀಗೆ ಪೂರ್ವಪಕ್ಷಗಳನ್ನು ಖಂಡಿಸಿದ ಮೇಲೆ ಸಿದ್ಧಾಂತವನ್ನು ಹೇಳಲೇಬೇಕಲ್ಲ. ಮೂಲ ಪದರವನ್ನು ಒಳಗೇ ಬೀಗ ಹಾಕಿಟ್ಟು, ಅದರಿಂದ ಒಂದು ಬಡಕಲು ನೋಟವನ್ನು ತೆಗೆಯುವುದು. ಅದರಲ್ಲಿ ವಾಲ್ವಿನ ಸಂಖ್ಯೆ, ಪೈಪಿನ ಅಳತೆ, ಆಳ ಇಷ್ಟೇ. ಗ್ರಾಹಕರ ಸುದ್ದಿ ಬೇಡ, ತಿದ್ದುವ ಅಧಿಕಾರ ಬೇಡ. ಮೂಲ ಬದಲಾದಂತೆ ನೋಟವೂ ಬದಲಾಗುತ್ತದೆ. ಪೈಪಿನ ಜಾಡನ್ನೂ ಜಗತ್ತಿಗೆ ತೋರಿಸಲು ಅಳುಕಿದ್ದರೆ ಕಚೇರಿಯ ನೆಟ್‌ವರ್ಕಿನಿಂದ ಮಾತ್ರ ತೆರೆಯುವಂತೆ ಕಟ್ಟುಹಾಕಬಹುದು, ಇಲ್ಲವೆ ವಾಟರ್‌ಮನ್‌ಗಳಿಗೆ ನೋಡಲಿಕ್ಕಷ್ಟೇ ಆಗುವ ಅಗ್ಗದ ಖಾತೆ ಕೊಳ್ಳಬಹುದು. ಅದೂ ಆಗದಿದ್ದರೆ ಎ0 ಹಾಳೆಯಲ್ಲಿ ಮುದ್ರಿಸಿ ಪಂಪ್‌ಹೌಸಿನ ಗೋಡೆಗೆ ಹಚ್ಚುವುದನ್ನು ಯಾವ ಶಾಸ್ತ್ರವೂ ನಿಷೇಧಿಸಿಲ್ಲ. ನೋಟ ಸಿದ್ಧಪಡಿಸುವುದು ಒಂದು ಮಧ್ಯಾಹ್ನದ ಕೆಲಸ. “ಚರ್ಚಿಸಿ”, “ಪುನಃ ಮಂಡಿಸಿ” ಎಂಬ ಷರಾಗಳನ್ನು ದಾಟಿ ಕಡತ ಕೆಳಗಿಳಿಯುವ ಅವಧಿಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಅಂತೂ ಅನುಮೋದನೆ ಬಂತೆಂದೇ ಇಟ್ಟುಕೊಳ್ಳೋಣ. ವಾಟರ್‌ಮನ್ ಮೊಬೈಲನ್ನು ಬಿಸಿಲಿಗೆ ಮರೆಮಾಡಿಕೊಂಡು ಮೊದಲ ಬಾರಿಗೆ ನಕ್ಷೆ ನೋಡುತ್ತಾನೆ. ಹೆಬ್ಬೆರಳಲ್ಲಿ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ.

“ಸಾರ್, ಈ ವಾಲ್ವು ಇಲ್ಲಿಲ್ಲ. ರೋಡು ಅಗಲ ಮಾಡ್ದಾಗ ಮೋರಿ ಆಚೆಗೆ ಹಾಕಿದ್ರು.”

“ಹೌದೇನ್ರೀ? ಹಂಗಾದ್ರೆ ಸರಿಮಾಡ್ಬೇಕಲ್ಲ.”

“ಮಾಡಿ ಸಾರ್.”

“ಎಡಿಟ್ ಪರ್ಮಿಷನ್ ಬೇಕು. ಅದು ಹಳೇ ಸಾಹೇಬ್ರ ಖಾತೇಲಿದೆ.”

ಶಿವಮೊಗ್ಗಕ್ಕೆ ಫೋನು ಹೋಯಿತು.